ಟೈಲರ್ ಅಂಗಡಿಯಲ್ಲಿ ರಜೆ ಮಂಜೂರು

ಬೆಳಗ್ಗೆ ಏಳಕ್ಕೆ ಡಿಪೋದಿಂದ ಹೊರಡಬೇಕಿದ್ದ ಮೂರು ಬಸ್ಸುಗಳು ಎಂಟಾದರೂ ನಿಂತಲ್ಲೇ ನಿಂತಿದ್ದವು. ಮೂವರು ಡ್ರೈವರುಗಳೂ ನಾಪತ್ತೆ. ಡಿಪೋದವರೆಲ್ಲ ಮ್ಯಾನೇಜರಮ್ಮ ಎಂದು ಕರೆಯುತ್ತಿದ್ದವಳು ರಜೆ ಅರ್ಜಿಗಾಗಿ ಮೇಜೆಲ್ಲ ತಡಕಾಡಿದಳು, ಒಂದೂ ಇಲ್ಲ. ಕೊನೆಗೆ ಒಬ್ಬನಿಗೆ ಫೋನ್ ಮಾಡಿದರೆ, ಹಲ್ಲು ಕೀಳಿಸಲು ಹೊರಟಿದ್ದ ಅವನು ಸ್ವಲ್ಪವೂ ಅಳುಕಿಲ್ಲದೆ ಹೇಳಿದ: "ನಿಮ್ಮ ಯಜಮಾನ್ರ ಹತ್ರ ಹೇಳಿದ್ನಲ್ಲ ಮೇಡಂ. ಆಗ್ಲಿ, ಹೋಗಿ ಬಾ ಅಂದ್ರು."

ಯಜಮಾನರೆಂದರೆ ಅವಳ ಗಂಡ. ಡಿಪೋ ಗೇಟಿನೆದುರಿಗೇ ಅವನ ಟೈಲರ್ ಅಂಗಡಿ. ಬಸ್ಸಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಹತ್ತುವುದು, ಇಳಿಯುವುದು, ಅಷ್ಟೇ. ಇವಳಾದರೋ ಹನ್ನೆರಡು ವರ್ಷ ಡ್ಯೂಟಿ ಪಟ್ಟಿ ಬರೆದು ಬರೆದು ಮೇಲೆ ಬಂದವಳು. ಆದರೂ ಅವಳು ಆ ಕುರ್ಚಿಯಲ್ಲಿ ಕೂತ ದಿನದಿಂದ ಡ್ರೈವರುಗಳ ಅಹವಾಲೆಲ್ಲ ಆ ಅಂಗಡಿಗೇ ಹೋಗುತ್ತಿತ್ತು. ಹೆಂಗಸಿನ ಮುಂದೆ ಕೈಕಟ್ಟಿ ನಿಲ್ಲುವುದಕ್ಕಿಂತ ಅವಳ ಗಂಡನ ಕಿವಿಗೆ ಹಾಕಿದರೆ ಕೆಲಸ ಸಲೀಸು ಎಂದು ಅವರ ಎಣಿಕೆ. ಇವನಿಗೋ, ಸೂಜಿಗೆ ದಾರ ಪೋಣಿಸುತ್ತ ರಜೆ ಮಂಜೂರು ಮಾಡುವುದೆಂದರೆ ಪರಮ ಸಂತೋಷ.

ಆರು ತಿಂಗಳ ಮಟ್ಟಿಗೆ ಕೊಟ್ಟಿದ್ದ ಹುದ್ದೆ ಅದು. ಮಾರನೆಯ ದಿನ ಮೇಲಧಿಕಾರಿ ಬಂದು ಅವಳನ್ನು ಕಾಯಂ ಮಾಡುವುದೋ ಬೇಡವೋ ಎಂದು ತೀರ್ಮಾನಿಸುವವನಿದ್ದ. ಇಂಥ ಹೊತ್ತಿನಲ್ಲೇ ಮೂರು ಬಸ್ಸು ನಿಂತರೆ ಮೈ ಉರಿಯದೆ ಇರುತ್ತದೆಯೇ? ಬೇರೆ ಡ್ರೈವರುಗಳನ್ನು ಕಾಡಿ ಬೇಡಿ ಕರೆಸಿ ಬಸ್ಸು ಹೊರಡಿಸಿದವಳೇ ನೆಟ್ಟಗೆ ಅಂಗಡಿಗೆ ಹೋದಳು.

"ಪಾಪ, ಕೇಳ್ಕೊಂಡ್ರು ಕಣೇ. ನಿನಗೂ ಸ್ವಲ್ಪ ಹೊರೆ ಕಡಿಮೆಯಾಗ್ಲಿ ಅಂತ ಒಪ್ಕೊಂಡೆ," ಎಂದ ಗಂಡ.

ಆರು ತಿಂಗಳಿಂದ ಹೇಳಿ ಹೇಳಿ ಅವಳ ಬಾಯಿ ಬತ್ತಿತ್ತು. ಈ ಸಲ ಬೇರೆ ದಾರಿ ಹಿಡಿದಳು. ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಹೋದಾಗ, ತನ್ನ ಊಟ ಬಿಟ್ಟು ಅಂಗಡಿಯಲ್ಲಿ ಕೂತಳು. ಬಂದ ಗಿರಾಕಿಗಳಿಗೆಲ್ಲ ನಗುನಗುತ್ತ ಮಾತು ಕೊಟ್ಟಳು. ಒಂಬತ್ತು ಪ್ಯಾಂಟು, ಐದು ಅಂಗಿ, ಒಂದು ಕೋಟು, ಎಲ್ಲವೂ ನಾಳೆ ಸಂಜೆಗೆ.

ಗಂಡ ಕೆಂಡಾಮಂಡಲವಾದ. ಹೊಲಿಯುವವನು ತಾನು, ತನ್ನನ್ನು ಒಂದು ಮಾತು ಕೇಳದೆ ಒಪ್ಪಿಕೊಳ್ಳಲು ಇವಳ್ಯಾರು, ನಾಳೆ ಜನ ಉಗಿಯುವುದು ಯಾರ ಮುಖಕ್ಕೆ ಎಂದು ಕೂಗಾಡಿದ. ಹೊರೆ ಕಡಿಮೆಯಾಗಲಿ ಅಂತ ಮಾಡಿದೆ ಎಂದಳು ಅವಳು. ಅವನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. ತಪ್ಪಾಯ್ತು, ಇನ್ನು ಮೇಲೆ ಯಾರು ಏನು ಕೇಳಿದರೂ ಅವಳನ್ನೇ ಕೇಳಿ ಎನ್ನುತ್ತೇನೆ ಎಂದ. ಆ ಮಾತನ್ನು ಅವನು ಉಳಿಸಿಕೊಂಡದ್ದೇ ಫಜೀತಿಯಾಯಿತು.

ಮರುದಿನ ಮೇಲಧಿಕಾರಿ ಮೊದಲು ಹೋದದ್ದು ಆ ಅಂಗಡಿಗೆ. ಆಮೇಲೆ ಬಂದು ಅವಳೆದುರು ಕೂತು, ಕಡತ ತಿರುವಿ, ನಿನ್ನೆಯದೊಂದು ಬಿಟ್ಟರೆ ಬಸ್ಸುಗಳು ಹಿಂದೆಂದೂ ಇಷ್ಟು ಸರಿಯಾದ ಸಮಯಕ್ಕೆ ಓಡಿರಲಿಲ್ಲ ಎಂದು ಹೊಗಳಿದ. ಹೊಗಳಿ, ಇನ್ನೂ ಆರು ತಿಂಗಳು ಹೀಗೇ ನೋಡೋಣ ಎಂಬ ಕಾಗದವನ್ನು ಸಹಿಗೆ ಮುಂದಿಟ್ಟ. ಯಾಕೆ ಎಂದಳು ಅವಳು.

"ಕಾಯಂ ಮಾಡಿದ್ರೆ ಮನೇಲಿ ತೊಂದ್ರೆ ಇಲ್ಲ ತಾನೆ ಅಂತ ನಿಮ್ಮ ಯಜಮಾನ್ರನ್ನ ಕೇಳ್ದೆ. ಅವಳನ್ನೇ ಕೇಳಿ ಅಂದ್ಬಿಟ್ರು. ಮನೇಲೇನೋ ಸರಿಯಿಲ್ಲ ಅನ್ಸುತ್ತೆ."

ಅವಳಿಗೆ ತಲೆ ತಲೆ ಚಚ್ಚಿಕೊಳ್ಳುವಂತಾಯಿತು. ಗಂಡ ಮೂಗು ತೂರಿಸಿದರೂ ಏಟು ಇವಳಿಗೆ, ತೂರಿಸದಿದ್ದರೂ ಇವಳಿಗೇ. ಹಿಂದಿದ್ದ ಮ್ಯಾನೇಜರ್ ಕಾಯಂ ಆದಾಗ ಅವನ ಹೆಂಡತಿಯನ್ನು ಯಾರು ಕೇಳಿದ್ದರು? ಇದೇ ಕಾರಣವನ್ನು ಕಾಗದದಲ್ಲಿ ಬರೆದುಕೊಡಿ, ಸಹಿ ಹಾಕುತ್ತೇನೆ ಎಂದಳು. ಇಂಥದ್ದನ್ನೆಲ್ಲ ಬರೆಯಲಾಗುವುದಿಲ್ಲ ಎಂದು ಆಸಾಮಿ ಮುಜುಗರಪಟ್ಟುಕೊಂಡ. ಕೊನೆಗೆ ದೊಡ್ಡ ಮನಸ್ಸು ಮಾಡಿ, ಯಜಮಾನರ ನಂಬರ್ ಕೊಟ್ಟರೆ ಇನ್ನೊಂದು ಸಲ ಕೇಳಿಬಿಡುತ್ತೇನೆ ಎಂದ.

ಅವಳು ನಂಬರ್ ಹೇಳಿದಳು. ಅಧಿಕಾರಿ ಒತ್ತಿದ. ಮೇಜಿನ ಮೇಲಿದ್ದ ಅವಳ ಫೋನೇ ರಿಂಗಾಯಿತು. ಆರು ತಿಂಗಳಲ್ಲಿ ಒಂದು ಸಲವೂ ಆತ ಆ ನಂಬರಿಗೆ ಕರೆ ಮಾಡಿರಲಿಲ್ಲ. ಡಿಪೋದ ಕೆಲಸವನ್ನೆಲ್ಲ ಅವಳ ಕೈಕೆಳಗಿನ ಗುಮಾಸ್ತನಿಗೇ ಹೇಳಿ ಮುಗಿಸುತ್ತಿದ್ದ.

ಅವಳು ಫೋನೆತ್ತಿ ಕಿವಿಗಿಟ್ಟುಕೊಂಡು, ಎದುರಿಗೆ ಕೂತಿದ್ದವನ ಮುಖವನ್ನೇ ನೋಡುತ್ತ ಹೇಳಿದಳು: "ಹೇಳಿ ಸಾರ್. ಏನು ಕೇಳ್ಬೇಕಿತ್ತು?"