ಮೊದಲ ಇಪ್ಪತ್ತೈದು ಗುಂಡು

ಟಕ್.

ಸ್ವಿಚ್ ಒತ್ತಿದಷ್ಟು ಸಣ್ಣ ಸದ್ದು, ಗೋಡೆಯಾಚೆಯಿಂದ. ಹನ್ನೊಂದೂವರೆ ದಾಟಿತ್ತು. ಮುಂದಿನದಕ್ಕೆ ಕಾದೆ. ಮತ್ತೆ ಟಕ್. ಪಕ್ಕದ ಕೋಣೆಯಲ್ಲಿ ನನ್ನ ನಾದಿನಿ ಖಾಲಿ ರೈಫಲ್ ಹಿಡಿದು, ಗೋಡೆಗೆ ಅಂಟಿಸಿದ ಕಪ್ಪು ಚುಕ್ಕೆಗೆ ಗುರಿಯಿಟ್ಟು ಟ್ರಿಗರ್ ಒತ್ತುತ್ತಿದ್ದಳು. ಕ್ಲಬ್ಬಿನ ಶೂಟಿಂಗ್ ತಂಡದ ಆಯ್ಕೆ ಸ್ಪರ್ಧೆ ಮುಗಿದ ಮೇಲೆ ಇದು ಒಂಬತ್ತನೆಯ ರಾತ್ರಿ.

"ಈ ಮನೇಲಿ ಸೋತೋಳೂ ಮಲಗಲ್ಲ, ಗೆದ್ದೋಳೂ ಮಲಗಲ್ಲ," ನನ್ನ ಗಂಡ ಮಗ್ಗುಲು ಬದಲಿಸಿ ಗೊಣಗಿದರು. "ಬಂದೂಕು ಮುಟ್ಟದೇ ಇರೋ ಪಾಪಿ ನಾನೊಬ್ಬ. ನನ್ನನ್ನಾದ್ರೂ ಮಲಗೋಕೆ ಬಿಡ್ರಮ್ಮ."

ಗೆದ್ದವಳು ನಾನು.

ನಾದಿನಿಯನ್ನು ಮನೆಯಲ್ಲೂ ಕ್ಲಬ್ಬಿನಲ್ಲೂ ಎಲ್ಲರೂ ಗುಬ್ಬಿ ಎನ್ನುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ ಉಸಿರು ಹಿಡಿಯುವುದನ್ನು ಕಲಿಸಿದವಳು ಅವಳೇ. ನಮ್ಮಿಬ್ಬರಿಗೂ ಇರುವುದು ಒಂದೇ ರೈಫಲ್. ಮೊದಲ ಸರದಿ ಅವಳದು. ಆಮೇಲೆ ರೈಫಲ್ಲಿನ ಮೇಲೆ ಕೆನ್ನೆ ಊರುವ ಆಸರೆಯನ್ನು ಎರಡು ಗೆರೆ ಇಳಿಸಿಕೊಂಡು ನಾನು ಹೊಡೆಯುತ್ತೇನೆ. ಗುಂಡುಗಳ ಪರೀಕ್ಷೆ ಮಾತ್ರ ನನ್ನ ಪಾಲಿನದು. ಒಂದೇ ಕಂಪನಿಯ ಒಂದೇ ಬಗೆಯ ಗುಂಡಾದರೂ ಒಂದೊಂದು ಲಾಟಿನ, ಅಂದರೆ ಒಟ್ಟಿಗೆ ತಯಾರಾದ ಕಂತಿನ, ನಡತೆ ಒಂದೊಂದು. ನಮ್ಮ ರೈಫಲ್ಲಿಗೆ ಯಾವುದು ಒಗ್ಗುತ್ತದೆ ಎಂದು ಹೊಡೆದೇ ತಿಳಿಯಬೇಕು. ರೈಫಲನ್ನು ಅಲುಗದಂತೆ ಕಬ್ಬಿಣದ ಇಕ್ಕಳದಲ್ಲಿ ಬಿಗಿದು, ಪ್ರತಿ ಲಾಟಿನಿಂದ ಹತ್ತು ಹಾರಿಸಿ, ತೂತುಗಳ ಅಂತರ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಈ ಸಲ ಒಂದು ಲಾಟ್ ಹತ್ತನ್ನೂ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಕೂರಿಸಿತ್ತು. ಇನ್ನೊಂದು ಏಳೆಂಟನ್ನು ಸರಿಯಾಗಿ ಹೊಡೆದು, ಉಳಿದದ್ದನ್ನು ಕಾರಣವಿಲ್ಲದೆ ಕೆಳಕ್ಕೆ ಬೀಳಿಸುತ್ತಿತ್ತು.

ಒಳ್ಳೆಯದರಲ್ಲಿ ಉಳಿದಿದ್ದದ್ದು ಎರಡೇ ಡಬ್ಬಿ, ನೂರು ಗುಂಡು. ಸ್ಪರ್ಧೆಗೆ ಅರವತ್ತು, ಅದಕ್ಕೆ ಮೊದಲು ಗುರಿ ಸರಿಮಾಡಿಕೊಳ್ಳಲು ಹದಿನೈದು. ಒಬ್ಬಳಿಗೆ ಎಪ್ಪತ್ತೈದು ಬೇಕು. ತಂಡದಲ್ಲಿದ್ದ ಜಾಗವೂ ಒಂದೇ.

ಸ್ಪರ್ಧೆಯ ಹಿಂದಿನ ಸಂಜೆ ಊಟದ ಮೇಜಿನ ಮೇಲೆ, ಸಾಲಾಗಿ ತೂತು ಕೊರೆದ ಎರಡು ಮರದ ಹಲಗೆಗಳಿಗೆ ಗುಂಡು ತುಂಬಿದೆ. ಡಬ್ಬಿಯಿಂದ ತೆಗೆದ ಮೇಲೆ ಯಾವುದು ಯಾವ ಲಾಟಿನದೆಂದು ಕಣ್ಣಿಗೆ ತಿಳಿಯುವುದಿಲ್ಲ. ನನ್ನ ಹಲಗೆಗೆ ಒಳ್ಳೆಯವು ಎಪ್ಪತ್ತೈದು. ಅವಳದಕ್ಕೆ ಮಿಕ್ಕ ಇಪ್ಪತ್ತೈದು, ಜೊತೆಗೆ ಇನ್ನೊಂದು ಲಾಟಿನ ಐವತ್ತು. ಇಷ್ಟೇ ಆಗಿದ್ದರೆ ಆಸೆಬುರುಕತನ ಎಂದುಕೊಂಡು ಸುಮ್ಮನಾಗುತ್ತಿದ್ದೆನೇನೋ. ಆದರೆ ಆ ಇಪ್ಪತ್ತೈದನ್ನು ನಾನು ಅವಳ ಹಲಗೆಯ ಮುಂದಿನ ಸಾಲುಗಳಲ್ಲಿಟ್ಟೆ. ಶುರುವಿನಲ್ಲೇ ಅನುಮಾನ ಬಂದರೆ ಅವಳು ಬೇರೆ ಗುಂಡು ಕೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಸಾಲುಗಳನ್ನು ಎರಡು ಸಲ ಎಣಿಸಿ ನೋಡಿದೆ ಕೂಡ.

ಗುರಿ ಸರಿಮಾಡಿಕೊಂಡ ಹದಿನೈದರ ನಂತರ, ಅಂಕಕ್ಕೆ ಸೇರುವ ಅವಳ ಮೊದಲ ಹತ್ತು ಹೊಡೆತಗಳೂ ನಟ್ಟನಡುವೆ ಬಿದ್ದವು. ಆಮೇಲೆ ನಡುನಡುವೆ ಒಂದೊಂದು ಕೆಳಗೆ ಇಳಿಯತೊಡಗಿತು. ಎರಡು ಅಂಕದಿಂದ ನಾನು ಗೆದ್ದೆ.

"ಟ್ರಿಗರ್ ಒತ್ತೋ ಬದಲು ಬೆರಳು ಎಳೀತಿದೀಯ ಗುಬ್ಬಿ. ಹತ್ತು ಚೆನ್ನಾಗಿ ಬಿತ್ತು ನೋಡು, ಹೆದರಿಬಿಟ್ಟೆ," ಎಂದರು ಕೋಚ್, ಎಲ್ಲರೆದುರು. "ಅತ್ತಿಗೇನ ನೋಡಿ ಕಲಿ."

ಟಕ್.

ಎದ್ದು ಅವಳ ಕೋಣೆಗೆ ಹೋದೆ. ಚಾಪೆಯ ಮೇಲೆ ಬೋರಲು ಮಲಗಿದ್ದಳು. ನಳಿಕೆಯ ತುದಿಯ ಮೇಲೆ ಒಂದು ನಾಣ್ಯ; ಬೆರಳು ಎಳೆದರೆ ಅದು ಬೀಳುತ್ತದೆ.

"ಬಂದ್ರಾ ಅತ್ತಿಗೆ? ಸ್ವಲ್ಪ ಇದನ್ನ ನೋಡಿ, ನಂಗೆ ಹುಚ್ಚು ಹಿಡಿಯೋದೊಂದು ಬಾಕಿ."

ಟ್ರಿಗರ್ ಒತ್ತಿದಳು. ನಾಣ್ಯ ಅಲುಗಲೇ ಇಲ್ಲ.

"ಇನ್ನೂರು ಸಲ ಆಯ್ತು, ಒಂದ್ಸಲಾನೂ ಬಿದ್ದಿಲ್ಲ. ಅಲ್ಲಿ ಮಾತ್ರ ಯಾಕೆ ಹಾಗೆ ಕೆಳಗೆ ಹೋಯ್ತು?"

"ನಿನ್ನ ಬೆರಳಲ್ಲಿ ತಪ್ಪಿಲ್ಲ ಗುಬ್ಬಿ."

"ಮತ್ತೆ?"

ಚಾಪೆಯ ಅಂಚಿಗೆ ಕೂತೆ. "ಗುಂಡು... ಗುಂಡಿಂದೇ ಏನೋ ಇರಬಹುದು."

ಅವಳು ನಕ್ಕುಬಿಟ್ಟಳು. "ನೀವು ಆರಿಸಿಟ್ಟ ಗುಂಡಾ? ಹಾಲಿನ ಪ್ಯಾಕೆಟ್ ಮೇಲಿನ ತಾರೀಕನ್ನೂ ಎರಡು ಸಲ ಓದೋರು ನೀವು! ನನ್ನ ಸಮಾಧಾನಕ್ಕೆ ನಿಮ್ಮ ತಲೆ ಮೇಲೆ ಯಾಕೆ ಎಳ್ಕೋತೀರಾ, ಸುಮ್ನಿರಿ." ನಾಣ್ಯವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. "ಈ ತಿಂಗಳು ನೋಡ್ತೀನಿ. ಆಮೇಲೆ ಬಿಟ್ಟುಬಿಡ್ತೀನಿ ಅತ್ತಿಗೆ. ತಪ್ಪು ಎಲ್ಲಿದೆ ಅಂತಾನೇ ಗೊತ್ತಾಗದಿದ್ರೆ ತಿದ್ದೋದು ಏನನ್ನ?"

ಆಗ ಹೇಳಬೇಕಿತ್ತು. "ಮಲ್ಕೋ, ಹೊತ್ತಾಯ್ತು," ಎಂದೆ.

ಬೆಳಿಗ್ಗೆ ಕೋಚ್‌ಗೆ ಫೋನ್ ಮಾಡಿ, ಮಣಿಕಟ್ಟು ಉಳುಕಿದೆ, ತಂಡದ ಜೊತೆ ಬರಲಾರೆ ಎಂದೆ. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ನನ್ನ ಹೆಸರಿದ್ದ ಕಡೆ ಗುಬ್ಬಿಯ ಹೆಸರಿತ್ತು. ಲೆಕ್ಕ ಚುಕ್ತಾ ಆಯಿತು, ಇನ್ನು ಉಸಿರಾಡಬಹುದು ಎಂದುಕೊಂಡೆ.

ಸಂಜೆ ಅವಳು ಬ್ಯಾಂಡೇಜ್ ತಂದು ನನ್ನ ಪಕ್ಕ ಕೂತಳು. ಏನೂ ಆಗದ ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತುಸುತ್ತಾಗಿ ಕಟ್ಟಿದಳು.

"ಬಿಗಿ ಆಯ್ತಾ?"

"ಇಲ್ಲ."

"ಆವತ್ತು ಸ್ಪರ್ಧೇಲೇ ನೋವಿತ್ತು ಅಲ್ವಾ? ಕೋಚ್ ಕ್ಲಬ್ಬಲ್ಲೆಲ್ಲಾ ಹೇಳ್ಕೊಂಡು ಓಡಾಡ್ತಿದಾರೆ, ಆ ನೋವಲ್ಲೂ ಅಷ್ಟು ಹೊಡೆದ್ಲು ಅಂತ." ಅವಳ ಕಣ್ಣು ತುಂಬಿತ್ತು. "ನಂಗೆ ನಾಚಿಕೆ ಆಗುತ್ತೆ ಅತ್ತಿಗೆ. ನೆಟ್ಟಗಿರೋ ಕೈಲಿ ನಾನು ಅಂಕ ಕಳ್ಕೊಂಡೆ."

ಬಾಗಿಲಲ್ಲಿ ನಿಂತಿದ್ದ ಗಂಡ, "ಇಬ್ಬರಿಗೂ ಒಂದೇ ರೈಫಲ್ಲು. ಸದ್ಯಕ್ಕೆ ಇಬ್ಬರಿಗೂ ಸೇರಿ ನೆಟ್ಟಗಿರೋ ಕೈನೂ ಒಂದೇ ಜೊತೆ," ಎಂದರು. ಗುಬ್ಬಿ ಕಣ್ಣೊರೆಸಿಕೊಂಡು ನಕ್ಕಳು. ನಾನೂ ನಕ್ಕೆ.

"ನಾಳೆ ಹೊಸ ಲಾಟ್ ಬರುತ್ತೆ," ಅವಳು ಬ್ಯಾಂಡೇಜಿನ ಕೊನೆಗೆ ಪಿನ್ ಸಿಕ್ಕಿಸಿದಳು. "ನಾನು ಹೊಡೀತೀನಿ, ನೀವು ಅಳೆದು ಬರ್ಕೊಳ್ಳಿ. ಹಲಗೆ ಮಾತ್ರ ನೀವೇ ತುಂಬಿಕೊಡ್ಬೇಕು, ಬೇರೆಯೋರ ಮೇಲೆ ನಂಗೆ ನಂಬಿಕೆ ಇಲ್ಲ. ಮತ್ತೆ ಇವತ್ತು ರಾತ್ರೀನೂ ಟಕಟಕ ಅಂತೀನಿ, ಬೈಕೋಬೇಡಿ. ಈ ಬೆರಳಿನ ಹೆದರಿಕೆ ಒಂದು ಹೋಗ್ಲಿ."

ಒಂದು ಮಾತು ಸಾಕಿತ್ತು. ಅವಳ ಬೆರಳಿಗೆ ಅಂಟಿಸಿದ ತಪ್ಪನ್ನು ಕಿತ್ತು ನನ್ನ ಕೈಗೆ ಕಟ್ಟಿಕೊಳ್ಳಬಹುದಿತ್ತು. ಆದರೆ ಆಮೇಲೆ ಅವಳು ಎಂದೂ ನನ್ನತ್ತ ಹಲಗೆಯನ್ನು ಚಾಚುತ್ತಿರಲಿಲ್ಲ.

"ಹೂಂ, ತುಂಬಿಕೊಡ್ತೀನಿ," ಎಂದೆ. ಅವಳಿಗಾಗಲಿ, ಗಂಡನಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ, ಅವಳು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿರ್ಧರಿಸಿದೆ.