ಹಾಸಿಗೆ ರಹಾಮಿಮ್‌ನ ಕೊನೆಯ ಪಾಠ

ಶಾಬೊ ಧರ್ಮದ ಕಟ್ಟಳೆಗಳ ಪುಸ್ತಕ ತೆರೆದು ಇನ್ನೇನು ಬಾಯಿ ಬಿಡಬೇಕು, ಅಷ್ಟರಲ್ಲಿ ಶವಸಂಸ್ಕಾರ ಮಂಡಳಿಯ ರಬ್ಬಿ ಎಜ್ರಾ ಅಡ್ಡಬಂದು ಅದನ್ನು ಮುಚ್ಚಿದರು.

"ಇಲ್ಲಿ ಓದಬೇಡಪ್ಪಾ."

"ಎರಡೇ ಎರಡು ಕಟ್ಟಳೆ ರಬ್ಬಿ. ಎಷ್ಟು ಹೊತ್ತು ಹಿಡಿಯುತ್ತೆ?"

ಅಂಗಳದಲ್ಲಿ ರಹಾಮಿಮ್‌ನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದರು. ಜೆರುಸಲೇಮಿನ ಆ ಕೇರಿಯಲ್ಲಿ ಅವನು ಹೊಲಿದ ಹಾಸಿಗೆಯ ಮೇಲೆ ಮಲಗದವರಿರಲಿಲ್ಲ. ಬೆಳಗಿನ ಪ್ರಾರ್ಥನೆ ಮುಗಿಸಿ ಬಂದವನು ಚಹಾದ ಲೋಟ ಹಿಡಿದುಕೊಂಡೇ ಹೋಗಿಬಿಟ್ಟಿದ್ದ.

"ದಿನವೂ ಕಟ್ಟಳೆ ಕಲಿಯೋನಿಗೆ ಬರೋ ಲೋಕದಲ್ಲಿ ಜಾಗ ಖಂಡಿತ ಅಂತ ನೀವೇ ಹೇಳಿದ್ರಿ," ಅಂದ ಶಾಬೊ. "ದಿನವೂ ಅಂದ್ರೆ ದಿನವೂ. ಇವತ್ತಿಂದು ಆಗಿಲ್ಲ. ಮೂವತ್ತೊಂದು ವರ್ಷ ತಪ್ಪದೋನು ಕೊನೇ ದಿನ ತಪ್ಪಿಸಿಕೊಂಡು ಹೋಗೋದಾ?"

"ಸತ್ತವನಿಂದ ನಾಲ್ಕು ಮೊಳದೊಳಗೆ ಓದೋ ಹಾಗಿಲ್ಲ. ಅವನಿಗಿನ್ನು ಕಲಿಯೋಕಾಗಲ್ಲ. ಎದುರಿಗೆ ಓದಿದ್ರೆ ಅಣಕಿಸಿದ ಹಾಗೆ."

ಶಾಬೊ ಮೊಳ ಹಾಕುತ್ತ ಹಿಂದೆ ಸರಿದ. ಮತ್ತೆ ಮುಂದೆ ಬಂದ.

"ಅಲ್ಲಿಂದ ಓದಿದ್ರೆ ಅದು ನನ್ನ ಪಾಲಾಗುತ್ತೆ. ನಮ್ಮಿಬ್ಬರದ್ದಾಗಲ್ಲ."

\*

ಮೂವತ್ತೊಂದು ವರ್ಷ ಮಧ್ಯಾಹ್ನದ ಹೊತ್ತು ಶಾಬೊ ತನ್ನ ಉಪ್ಪಿನಕಾಯಿ ಅಂಗಡಿಯ ಬಾಗಿಲೆಳೆದು ರಹಾಮಿಮ್‌ನ ಮನೆಗೆ ಬರುತ್ತಿದ್ದ. ದಿನಕ್ಕೆ ಎರಡು ಕಟ್ಟಳೆ. ಒಮ್ಮೆ, ರಹಾಮಿಮ್ ಹೊಲಿದ ಹಾಸಿಗೆಯಲ್ಲಿ ಹತ್ತಿ ಗಂಟು ಕಟ್ಟಿದೆಯೆಂದು ಶಾಬೊ ಸಂತೆಯಲ್ಲಿ ಆಡಿಕೊಂಡಾಗ ಇಬ್ಬರಿಗೂ ಮಾತು ಬಿಟ್ಟುಹೋಯಿತು. ಪಾಠ ಬಿಡಲಿಲ್ಲ. ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ರಹಾಮಿಮ್ ಗೋಡೆಗೆ ಓದಿ ಹೇಳುತ್ತಿದ್ದ, ಶಾಬೊ ಬಾಗಿಲಿಗೆ ತಲೆಯಾಡಿಸುತ್ತಿದ್ದ.

ಮಾತು ಬಿಟ್ಟ ಹತ್ತೊಂಬತ್ತನೆಯ ದಿನ ರಹಾಮಿಮ್ ಓದಿದ: "ನೀರಲ್ಲಿ ನೆನೆದದ್ದನ್ನು ಕೈಯಲ್ಲಿ ತಿನ್ನೋ ಮುಂಚೆ ಕೈ ತೊಳೆಯಬೇಕು." ಆಮೇಲೆ ಗೋಡೆಗೇ ಕೇಳಿದ: "ಉಪ್ಪುನೀರಿನ ಡಬ್ಬಿಗೆ ಕೈಹಾಕಿ ಆಲಿವ್ ಬಾಯಿಗೆಸೆದುಕೊಳ್ಳೋರು ಏನು ಮಾಡ್ತಾರೋ?"

ಶಾಬೊ ಗಿರಕ್ಕನೆ ತಿರುಗಿದ. "ನನ್ನ ಆಲಿವ್ ಸುದ್ದಿಗೆ ಬರಬೇಡ! ನಿನ್ನ ಹತ್ತಿ ನೋಡ್ಕೋ!"

"ಅಯ್ಯಪ್ಪಾ, ಮಾತು ಬಂತು," ಎಂದು ಅಡುಗೆಮನೆಯಿಂದ ರಹಾಮಿಮ್‌ನ ಹೆಂಡತಿ ಹಬೀಬಾ ಚಹಾ ತಂದಿಟ್ಟಳು.

\*

"ಹತ್ತಿರ ನಿಂತು ಏನೂ ಹೇಳೋ ಹಾಗೇ ಇಲ್ವಾ?" ಅಂಗಳದಲ್ಲಿ ಶಾಬೊ ರಬ್ಬಿಯನ್ನು ಕೇಳಿದ.

"ಇದೆ. ಸತ್ತವನ ಕೆಲಸಕ್ಕೆ ಬೇಕಾದ್ದು ಹೇಳಬಹುದು. ಹೇಗೆ ಹೊರಬೇಕು, ಹೇಗೆ ಮಣ್ಣು ಮಾಡಬೇಕು, ಅಷ್ಟೆ."

"ನಮ್ಮದು ಇವತ್ತು ಸಬ್ಬತ್ ದಿನದ ದೀಪ ಹಚ್ಚೋ ಪಾಠ," ಎಂದು ಶಾಬೊ ಪೆಚ್ಚಾಗಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿದ.

ಗಂಡನ ಸಾವಿಗೆಂದು ಪದ್ಧತಿಯಂತೆ ಹರಿದುಕೊಂಡ ಕೊರಳಪಟ್ಟಿ ಹಿಡಿದುಕೊಂಡು ಕುಳಿತಿದ್ದ ಹಬೀಬಾ ತಲೆಯೆತ್ತಿದಳು.

"ಶಾಬೊ, ರಬ್ಬಿ ಈಗ ಎಷ್ಟು ಹೇಳಿದ್ರು?"

"ಏನೆಷ್ಟು ಅತ್ತಿಗೆ?"

"ನಾಲ್ಕು ಮೊಳದೊಳಗೆ ಓದಬಾರದು, ಒಂದು. ಸತ್ತವರ ಕೆಲಸದ್ದಾದ್ರೆ ಹೇಳಬಹುದು, ಎರಡು. ಎರಡೂ ಇವರ ಕೆಲಸದ್ದೇ ತಾನೆ? ನೀನು ನಿಂತು ಕೇಳಿದ್ದೆಲ್ಲಿ?"

ಶಾಬೊ ಕಾಲ ಕಡೆ ನೋಡಿಕೊಂಡ. ಬಿಳಿ ಬಟ್ಟೆಗೂ ಅವನ ಚಪ್ಪಲಿಗೂ ಒಂದು ಗೇಣೂ ಇರಲಿಲ್ಲ.

"ತಂಗೀ," ಅಂದರು ರಬ್ಬಿ, "ಮಣ್ಣಾಗೋವರೆಗೂ ಮನೆಯವರು ಪಾಠ ಕಲಿಯೋ ಹಾಗಿಲ್ಲ."

"ನಾನೆಲ್ಲಿ ಕಲಿತೆ ರಬ್ಬಿ? ಎಣಿಸಿದೆ. ಎಣಿಸಬಾರದು ಅಂತ ಕಟ್ಟಳೆ ಇದ್ರೆ ಹೇಳಿ. ಇವರಿಗೆ ಮೂರಾಗುತ್ತೆ."

ರಬ್ಬಿಗೆ ನಗು ಒತ್ತಿ ಬಂತು. ಗಡ್ಡ ಕುಣಿಯತೊಡಗಿತು. ಅಂಗಳಕ್ಕೆ ಅಂಗಳವೇ ನಕ್ಕಿತು, ಕಣ್ಣೊರೆಸಿಕೊಳ್ಳುತ್ತ. ಶಾಬೊ ಮಾತ್ರ ನಗಲಿಲ್ಲ. ಬಗ್ಗಿ ಚಟ್ಟಕ್ಕೆ ಹೆಗಲು ಕೊಟ್ಟ.

\*

ಗುಡ್ಡದ ಮೇಲಿನ ಸ್ಮಶಾನದಲ್ಲಿ ಗುದ್ದಲಿಯನ್ನು ಒಬ್ಬರ ಕೈಯಿಂದ ಒಬ್ಬರಿಗೆ ಕೊಡುವಂತಿಲ್ಲ. ಮಣ್ಣು ಎಳೆದವನು ಅದನ್ನು ನೆಲಕ್ಕೆ ಹಾಕಬೇಕು, ಮುಂದಿನವನು ಎತ್ತಿಕೊಳ್ಳಬೇಕು. ಶಾಬೊ ಹಾಕಲೇ ಇಲ್ಲ. ಅಂಗಿಯ ತೋಳು ಮಡಚಿ ಎಳೆದೇ ಎಳೆದ.

"ಅಜ್ಜಾ, ನಮಗೂ ಸ್ವಲ್ಪ ಪುಣ್ಯ ಬಿಡಿ," ಎಂದರು ಹಿಂದಿನವರು.

ಕೊನೆಗೆ ಗುದ್ದಲಿ ಕೆಳಗೆ ಬಿತ್ತು. ಶಾಬೊ ಮುಖವೆತ್ತಿದ. ಸುಣ್ಣಕಲ್ಲಿನ ಧೂಳು ಅವನ ಹುಬ್ಬು, ಗಡ್ಡಗಳಿಗೆ ಹಿಟ್ಟಿನಂತೆ ಮೆತ್ತಿತ್ತು. ಅದರ ನಡುವೆ, ಮದುವೆ ಊಟದಿಂದ ಎದ್ದುಬಂದವನ ಹಾಗೆ, ಅವನ ಬಾಯಿ ನಗುವಿನಲ್ಲಿ ಅಗಲವಾಗಿ ತೆರೆದಿತ್ತು.