ಗೆರೆಯ ಮೇಲಿನ ಮನೆ

ಬಡಗಿ ಹಾಲ್ವೊರ್ ಗರಗಸವನ್ನು ಮನೆಯ ಮಾಡಿನ ಅಂಚಿಗೆ ಇಟ್ಟು, ಕೆಳಗೆ ನಿಂತಿದ್ದ ಮಾರಿಟ್ ಕಡೆ ನೋಡಿದ.

"ಇನ್ನೊಂದ್ಸಲ ಯೋಚ್ನೆ ಮಾಡ್ರಮ್ಮ. ಕೊಯ್ದ್ಮೇಲೆ ಮತ್ತೆ ಕೂಡ್ಸಕ್ಕೆ ಇದೇನ್ ನಾದಿಟ್ಟ ಹಿಟ್ಟಲ್ಲ."

"ಗೆರೆ ಮೇಲೇ ಕೊಯ್ಯಿ. ನನ್ ಕಡೆ ಒಂದ್ ಬೆರಳೂ ಬರಬೇಡ."

ನಾರ್ವೆಯಿಂದ ಅಮೆರಿಕದ ಡಕೋಟಾದ ಈ ಬಯಲಿಗೆ ಬಂದು ಅಕ್ಕತಂಗಿಯರು ಪಕ್ಕಪಕ್ಕದ ಎರಡು ಜಮೀನು ಹಿಡಿದಾಗ, ತಮ್ಮ ನೆಲದ ಮೇಲೆ ಮನೆ ಕಟ್ಟಿ ತಾವೇ ಮಲಗಿದವರಿಗಷ್ಟೇ ಒಡೆತನದ ಪತ್ರ ಎಂಬುದು ಸರ್ಕಾರದ ಕರಾರು. ಕಣ್ಣು ಹಾಯುವಷ್ಟು ದೂರ ಒಂದು ಮರವಿಲ್ಲದ ಕಡೆ ಎರಡು ಮನೆಗೆ ಹಲಗೆ ಎಲ್ಲಿಂದ ತರುವುದು? ಗಡಿಯ ಮೇಲೇ ಒಂದು ಮನೆ ಎಬ್ಬಿಸಿ, ಒಳಗೆ ನೆಲಕ್ಕೆ ಗೆರೆ ಎಳೆದರು. ಅಕ್ಕ ಮಾರಿಟ್‌ಳ ಮಂಚ ಪಡುವಣಕ್ಕೆ, ತಂಗಿ ರಾಗ್ನಾಳದು ಮೂಡಣಕ್ಕೆ. ತಲೆದಿಂಬು ಎರಡೂ ಗೆರೆಗೆ ಒತ್ತಿಕೊಂಡಿದ್ದವು. ಕಾನೂನಿನಂತೆ ತಮ್ಮ ತಮ್ಮ ನೆಲದಲ್ಲಿ ಮಲಗಿ, ತಲೆಗೆ ತಲೆ ತಾಗಿಸಿಕೊಂಡು, ನಿದ್ದೆ ಹತ್ತುವವರೆಗೆ ಊರವರನ್ನೆಲ್ಲ ಆಡಿಕೊಳ್ಳುವುದು ಅವರ ಸಂಸಾರ.

ಪತ್ರ ಕೈಗೆ ಬಂತು. ಹಿಂದೆಯೇ ರೈಲೂ ಬಂತು. ಮೂಡಣಕ್ಕೆ ಮೂರು ಮೈಲಿ ಆಚೆ, ಬರೀ ಹುಲ್ಲಿದ್ದಲ್ಲಿ ಸ್ಟೇಷನ್ನು, ಧಾನ್ಯದ ಗೋದಾಮು, ಒಂದು ಬೀದಿ ಎದ್ದವು. ಗೋಧಿ ಹೇರಿಕೊಂಡು ದೂರದ ಹೊಳೆಯ ದೋಣಿಕಟ್ಟೆಯವರೆಗೆ ಗಾಡಿ ಹೊಡೆಯುವ ಪಾಡು ತಪ್ಪಿತೆಂದು ಮೊದಲು ಹಿಗ್ಗಿದವಳು ಮಾರಿಟ್ಟೇ. ಆದರೆ ರಾಗ್ನಾಳಿಗೆ ಕಂಡದ್ದು ಹಳಿ ಹಾಕುವವರ ಹಸಿವು. ನನ್ನ ಪಾಲಿನ ಅರ್ಧ ಮನೆಯನ್ನು ಅಲ್ಲಿಗೆ ಎಳೆಸಿ ಹೋಟೆಲಿಡುತ್ತೇನೆ, ನನ್ನ ಹೊಲವನ್ನೂ ನೀನೇ ಉಳು ಎಂದಳು. ಮಾರಿಟ್ ಬೇಡ ಅನ್ನಲಿಲ್ಲ. ಅವತ್ತಿನಿಂದ ಮಾತೆತ್ತಿದರೆ ಗೆರೆ, ಗೆರೆ ಎನ್ನತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಗರಗಸ ನೆಲಕ್ಕಿಳಿದು ಒಲೆಯ ಬುಡದಲ್ಲಿ ನಿಂತಿತು. ಕಬ್ಬಿಣದ ಒಲೆ, ಸರಿಯಾಗಿ ಗೆರೆಯ ಮೇಲೆ.

"ಇದನ್ನ ಕೊಯ್ಯೋ ಹಲ್ಲು ನನ್ ಗರಗಸಕ್ಕಿಲ್ಲ," ಎಂದ ಹಾಲ್ವೊರ್.

"ಅಕ್ಕಂಗೇ ಇರ್ಲಿ. ಚಳಿ ಶುರುವಾಯ್ತು," ಎಂದಳು ರಾಗ್ನಾ. ಆಮೇಲೆ ಮೆಲ್ಲಗೆ, "ನೀನೂ ಬಂದ್ಬಿಡಕ್ಕ."

"ಗೋಧಿ ಯಾರ್ ಬೆಳೀತಾರೆ, ನಿನ್ ಕಾಫಿ ಗಿರಾಕಿಗಳಾ?"

ಮಾರಿಟ್ ಗೆರೆಯನ್ನೊಮ್ಮೆ ನೋಡಿ, ಒಲೆಗೆ ಸೊಂಟ ಕೊಟ್ಟು ಮೂಡಣಕ್ಕೆ ನೂಕಿದಳು.

"ಒಲೆಯಿಲ್ದೆ ಹೋಟ್ಲಂತೆ. ಬಂದೋರಿಗೆ ತಣ್ಣೀರ್ ಕೊಡ್ತೀಯಾ?"

"ಮತ್ತೆ ನೀನು?"

"ಗೋಧಿ ಗಾಡಿ ಜೊತೆ ಬಂದು ಅಲ್ಲೇ ಕುಡೀತೀನಿ. ನಿನ್ ಕಾಫಿ ನೀರ್ ನೀರು ಅಂತ ಹೇಳಕ್ಕೂ ಒಬ್ರು ಬೇಕಲ್ಲ."

"ನಮ್ಮನೇಲೊಂದು ಹಳೇ ಒಲೆ ಬಿದ್ದಿದೆ," ಎಂದ ಹಾಲ್ವೊರ್. "ವಾಪಸ್ ಬರೋವಾಗ ತಂದ್ಹಾಕ್ತೀನಿ. ಮೊದ್ಲು ಈ ತೆರೆದ ಕಡೆಗೆ ಹಲಗೆ ಹೊಡೀಲಾ? ಗಾಳಿ ನುಗ್ಗುತ್ತೆ."

"ಸಂಜೆ ಹೊಡೀವಂತೆ," ಎಂದಳು ಮಾರಿಟ್.

ಎತ್ತುಗಳು ನೊಗಕ್ಕೆ ಬಿದ್ದವು. ತೊಲೆಗಳ ಮೇಲೆ ಅರ್ಧ ಮನೆ ನರಳಿತು, ಅಲ್ಲಾಡಿತು, ಹೊರಟಿತು. ಅದರ ಕೊಯ್ದ ಮಗ್ಗುಲು ಮಾರಿಟ್ ಕಡೆಗೇ ಇತ್ತು. ಒಳಗೆ ರಾಗ್ನಾ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ಒಲೆಗೆ ಬೆರಣಿ ಒಟ್ಟುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹೊಗೆ ಎದ್ದಿತು. ಮಾರಿಟ್ ಮಂಚದ ಮೇಲೆ ಕೂತು, ತಂಗಿ ಕೆಟಲು ಇಡುವುದನ್ನು ನೋಡಿದಳು. ಆಮೇಲೆ ಕೈ ಕಾಣಲಿಲ್ಲ, ಒಲೆ ಕಾಣಲಿಲ್ಲ, ಬಯಲಿನಲ್ಲಿ ನಡೆದುಹೋಗುವ ಹೊಗೆಯಷ್ಟೇ.

ಅವಳ ತಲೆದಿಂಬು ಇನ್ನೂ ಗೆರೆಗೆ ಒತ್ತಿಕೊಂಡೇ ಇತ್ತು. ಅದರಾಚೆ ಹುಲ್ಲು.